ಸೂಜಿ ಚುಚ್ಚಿದ್ದಕ್ಕೇ ಹರಡಿತಾ?

ಸ್ತನದ ಗಂಟಿಗೆ ಸಣ್ಣ ಸೂಜಿ ಹಾಕಿ ಒಂದೆರಡು ಹನಿ ಎಳೆದು ನೋಡುವ ಪರೀಕ್ಷೆಗೆ ಎಫ್‌ಎನ್‌ಎಸಿ ಅನ್ನುತ್ತೇವೆ. ಎಷ್ಟೋ ಕಡೆ ಅದನ್ನು ನಾವು ಪೆಥಾಲಜಿಯವರೇ ಮಾಡುತ್ತೇವೆ. ಇಡೀ ದಿನ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರುವ ನಮಗೆ ರೋಗಿಯ ಮುಖ ಕಾಣುವುದು ಆಗ ಮಾತ್ರ. ಮೊನ್ನೆ ಐವತ್ತೈದರ ಆಸುಪಾಸಿನ ಒಬ್ಬರು ಮಂಚದ ಮೇಲೆ ಮಲಗಿಕೊಂಡೇ ಕೇಳಿದರು, "ಮೇಡಂ, ಸೂಜಿ ಹಾಕಿದ್ರೆ ಕ್ಯಾನ್ಸರ್ ಎಲ್ಲಾ ಕಡೆ ಹರಡಿಬಿಡುತ್ತಂತೆ. ನಮ್ಮತ್ತಿಗೆಗೆ ಹಂಗೇ ಆಯ್ತು."

ಈ ಪ್ರಶ್ನೆ ಹೊಸದಲ್ಲ. "ಅಷ್ಟೊತ್ತಿಗಾಗಲೇ ಹರಡಿದ್ದಿರಬೇಕಮ್ಮ, ಸೂಜಿ ಹಾಕಿದ ಮೇಲೆ ಗೊತ್ತಾಯ್ತು ಅಷ್ಟೇ" ಅಂದೆ. ಒಪ್ಪಿದಂತೆ ತಲೆಯಾಡಿಸಿದರು, ಮುಖ ಮಾತ್ರ ಒಪ್ಪಲಿಲ್ಲ.

ಅವರ ಅನುಮಾನವನ್ನು ಸುಮ್ನೆ ತಳ್ಳಿಹಾಕುವ ಹಾಗೂ ಇಲ್ಲ. ಸೂಜಿ ಹೋದ ದಾರಿಯಲ್ಲಿ ನಾಲ್ಕಾರು ಜೀವಕೋಶ ಜಾರಿ ಬೀಳುವುದುಂಟು. ಆದರೆ ಜಾರಿ ಬಿದ್ದದ್ದೆಲ್ಲ ಬೇರು ಬಿಡುವುದಿಲ್ಲ. ನಮ್ಮ ದೇಹದಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಹಾಲಿನ ನಾಳದ ಗೋಡೆಗೆ ಅಂಟಿಕೊಂಡಿರಬೇಕಾದ ಜೀವಕೋಶ ಅಲ್ಲಿಂದ ಕಳಚಿಕೊಂಡರೆ ತನ್ನಷ್ಟಕ್ಕೆ ತಾನೇ ಸಾಯುತ್ತದೆ. ಇದಕ್ಕೆ ಅನೋಯಿಕಿಸ್ ಎಂದು ಹೆಸರು. 'ನೀನು ನಿನ್ನ ಜಾಗದಲ್ಲಿದ್ದೀಯ, ಬದುಕು' ಅನ್ನುವ ಸಂದೇಶ ಆ ಅಂಟಿನ ಮೂಲಕವೇ ಒಳಗೆ ಹೋಗುತ್ತಿರುತ್ತದೆ. ಅಂಟು ಬಿಟ್ಟಿತೋ, ಸಂದೇಶವೂ ನಿಂತಿತು. ಹರಡಬೇಕೆಂದರೆ ಕ್ಯಾನ್ಸರ್ ಮೊದಲು ಈ ಸಾವನ್ನು ತಪ್ಪಿಸಿಕೊಳ್ಳಬೇಕು. ಅದನ್ನು ಸೂಜಿ ಕಲಿಸಿಕೊಡುವುದಿಲ್ಲ.

ಜೀವಕೋಶಗಳು ಅಕ್ಕಪಕ್ಕದವನ್ನು ಹಿಡಿದುಕೊಳ್ಳುವುದು ಮುಖ್ಯವಾಗಿ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿನಿಂದ. ಕ್ಯಾಡ್‌ಹೆರಿನ್‌ಗಳನ್ನು ಗುರುತಿಸಿ ಹೆಸರಿಟ್ಟವರು ಜಪಾನಿನ ಮಸಾತೋಶಿ ತಾಕೆಯಿಚಿ. ಕ್ಯಾಲ್ಸಿಯಂ ಇಲ್ಲದಿದ್ದರೆ ಈ ಹಿಡಿತ ನಿಲ್ಲದು. (ಹಾಗಂತ ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಹಿಡಿತ ಬಿಗಿಯಾಗುತ್ತದೆ ಅಂದುಕೊಳ್ಳಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.)

ಆ ಹೆಂಗಸಿನ ಗಂಟೂ ಒಂದು ಥರ ಇತ್ತು. ಬೆರಳಿಗೆ ಗೋಲಿಯ ಹಾಗೆ ಸಿಗಲಿಲ್ಲ. ಕಲಸಿಟ್ಟ ಹಿಟ್ಟು ಒಂದು ಕಡೆ ಬಿಗಿಯಾದ ಹಾಗೆ ದಪ್ಪಗಿತ್ತು, ಅಂಚು ಎಲ್ಲಿ ಅಂತ ಗೊತ್ತಾಗುತ್ತಿರಲಿಲ್ಲ. ಸೂಜಿಯಲ್ಲಿ ಬಂದ ಜೀವಕೋಶಗಳೂ ತೀರ ಕಡಿಮೆ. ಬಯಾಪ್ಸಿ ಬೇಕು ಅಂತ ಬರೆದೆ. ಆ ಸ್ಲೈಡ್ ಬಂದ ದಿನ ಅವರ ಮಗನೂ ಬಂದಿದ್ದ. ನಮ್ಮ ಮೈಕ್ರೋಸ್ಕೋಪಿಗೆ ಇಬ್ಬರು ಒಟ್ಟಿಗೆ ನೋಡುವ ಸೌಲಭ್ಯ ಇದೆ. ಕೂರಿಸಿ ತೋರಿಸಿದೆ. ಗುಲಾಬಿ ಬಣ್ಣದ ನಾರುಗಳ ನಡುವೆ ನೇರಳೆ ಚುಕ್ಕಿಗಳು, ಒಂದರ ಹಿಂದೆ ಒಂದು. "ಇರುವೆ ಸಾಲು ಇದ್ದಂಗಿದೆ ಮೇಡಂ" ಅಂದ. ನಾನು ಇಷ್ಟು ವರ್ಷ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟದ್ದೂ ಅದನ್ನೇ.

ಇದು ಲಾಬ್ಯುಲರ್ ಕಾರ್ಸಿನೋಮ. ಸ್ತನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 10ರಿಂದ 15 ಈ ಜಾತಿಯವು. ಇದರಲ್ಲಿ ಹೆಚ್ಚಿನವಕ್ಕೆ ಇ-ಕ್ಯಾಡ್‌ಹೆರಿನ್ ಇರುವುದಿಲ್ಲ. ಅದನ್ನು ಮಾಡುವ ಸಿಡಿಎಚ್1 ಎಂಬ ಜೀನ್ ಕೆಟ್ಟಿರುತ್ತದೆ. ಇ-ಕ್ಯಾಡ್‌ಹೆರಿನ್ ಬಣ್ಣ ಹಾಕಿದರೆ ಪಕ್ಕದ ಒಳ್ಳೆಯ ನಾಳದ ಜೀವಕೋಶಗಳ ಸುತ್ತ ಕಂದು ಗೆರೆ ಅಚ್ಚುಕಟ್ಟಾಗಿ ಮೂಡುತ್ತದೆ, ಇರುವೆ ಸಾಲು ಮಾತ್ರ ಖಾಲಿ. ಇ-ಕ್ಯಾಡ್‌ಹೆರಿನ್‌ನ ಬಾಲ ಹಿಡಿದುಕೊಂಡು ಅಂಚಿನಲ್ಲಿ ಇರಬೇಕಾದ ಪಿ120 ಎಂಬ ಇನ್ನೊಂದು ಪ್ರೋಟೀನು, ಯಜಮಾನ ಹೋದ ಮೇಲೆ ಜೀವಕೋಶದ ಒಳಗೆಲ್ಲ ಅಲೆಯುತ್ತಿರುತ್ತದೆ. ಅಲೆಯುವುದಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಆಗಲೇ ಹೇಳಿದ ಸಾವಿನಿಂದ ಜೀವಕೋಶ ಪಾರಾಗಲು ಅದೇ ಸಹಾಯ ಮಾಡುತ್ತದೆ. ಅಂಟು ಹೋದದ್ದು ಮತ್ತು ಸಂದೇಶ ಕೆಟ್ಟದ್ದು ಬೇರೆ ಬೇರೆ ಕಥೆಯಲ್ಲ, ಅಲ್ವಾ? ಗಂಟು ಕೈಗೆ ಸರಿಯಾಗಿ ಸಿಗದಿದ್ದುದಕ್ಕೂ, ಮ್ಯಾಮೋಗ್ರಾಮಿನಲ್ಲಿ ಇಂಥವು ತಪ್ಪಿಹೋಗುವುದಕ್ಕೂ ಇದೇ ಕಾರಣ. ಒಂದಕ್ಕೊಂದು ಹಿಡಿದುಕೊಳ್ಳದವು ಗಡ್ಡೆ ಕಟ್ಟುವುದು ಹೇಗೆ?

ಹಾಗಾದರೆ ಅಂಟು ಬಿಟ್ಟರೆ ಹರಡುತ್ತದೆ, ಗಟ್ಟಿಯಾಗಿ ಅಂಟಿದ್ದರೆ ಹರಡುವುದಿಲ್ಲ ಅನ್ನಬಹುದಾ? ನಾನು ಓದುವಾಗ ಹೆಚ್ಚುಕಡಿಮೆ ಹೀಗೇ ಹೇಳಿಕೊಟ್ಟಿದ್ದರು. ಸ್ಲೈಡುಗಳು ಆಗಲೂ ಒಪ್ಪುತ್ತಿರಲಿಲ್ಲ. ನಾಳದಿಂದ ಹುಟ್ಟುವ ಸಾಮಾನ್ಯ ಕ್ಯಾನ್ಸರ್ ಕಂಕುಳಿನ ಗ್ರಂಥಿಗೆ ಹರಡಿದಾಗಲೂ ಅಲ್ಲಿ ಇ-ಕ್ಯಾಡ್‌ಹೆರಿನ್ ಎಷ್ಟೋ ಸಲ ಚೆನ್ನಾಗೇ ಇರುತ್ತದೆ. ಇನ್ನು ಇನ್‌ಫ್ಲಮೇಟರಿ ಸ್ತನ ಕ್ಯಾನ್ಸರ್ ನೋಡಿ. ಸ್ತನ ಕೆಂಪಗೆ ಊದಿ, ಚರ್ಮ ಕಿತ್ತಳೆ ಸಿಪ್ಪೆಯ ಹಾಗಾಗುತ್ತದೆ. ಕೀವು ಅಂದುಕೊಂಡು ಆಂಟಿಬಯಾಟಿಕ್ ನುಂಗುತ್ತಾ ವಾರಗಟ್ಟಲೆ ಕಳೆಯುವವರಿದ್ದಾರೆ. ಬಹಳ ಬೇಗ ಹರಡುವ ಕಾಯಿಲೆ ಅದು. ಅದರಲ್ಲಿ ಜೀವಕೋಶಗಳು ಒಂದನ್ನೊಂದು ಬಿಗಿಯಾಗಿ ಹಿಡಿದು, ಉಂಡೆ ಉಂಡೆಯಾಗಿ ಚರ್ಮದ ಸಣ್ಣ ದುಗ್ಧರಸ (ಲಿಂಫ್) ನಾಳಗಳಲ್ಲಿ ಕೂತಿರುತ್ತವೆ.

2014ರಲ್ಲಿ ಇಲಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ರಕ್ತದಲ್ಲಿ ಗುಂಪಾಗಿ ತೇಲುವ ಸ್ತನ ಕ್ಯಾನ್ಸರ್ ಜೀವಕೋಶಗಳಿಗೆ ಒಂಟಿಯಾದವಕ್ಕಿಂತ 23ರಿಂದ 50 ಪಟ್ಟು ಹೆಚ್ಚು ಹರಡುವ ಶಕ್ತಿ ಕಂಡಿತು. 2019ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ನಾಳದ ಕ್ಯಾನ್ಸರ್ ಇರುವ ಇಲಿಗಳಲ್ಲಿ ಇ-ಕ್ಯಾಡ್‌ಹೆರಿನ್ ತೆಗೆದುಹಾಕಿ ನೋಡಿದರು. ಜೀವಕೋಶಗಳು ಪಕ್ಕದ ಜಾಗಕ್ಕೆ ಜಾಸ್ತಿ ನುಗ್ಗಿದವು, ನಿಜ. ಆದರೆ ದೂರದ ಅಂಗಗಳಲ್ಲಿ ಬೇರೂರಿದ್ದು ಬಹಳ ಕಡಿಮೆ. ದಾರಿಯಲ್ಲೇ ಸತ್ತವು. ಕೈ ಹಿಡಿದುಕೊಂಡು ಹೊರಟವು ಬದುಕುತ್ತವೆ. ಲಾಬ್ಯುಲರ್‌ನಂಥವು ಮಾತ್ರ ಒಂಟಿಯಾಗಿ ಬದುಕುವ ಬೇರೆ ದಾರಿ ಕಂಡುಕೊಂಡಿವೆ. ಹರಡಿದಾಗ ಹೊಟ್ಟೆಯ ಒಳಪದರ, ಕರುಳು, ಅಂಡಾಶಯದಂಥ ಕಡೆ ಹೋಗುವುದೂ ಅವೇ ಜಾಸ್ತಿ.

ಎಲ್ಲಿಗೆ ಹೋಗಿ ಕೂರುತ್ತವೆ ಅನ್ನುವುದಕ್ಕೂ ಲೆಕ್ಕ ಇದೆ. 1889ರಲ್ಲಿ ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ 735 ಜನರ ಶವಪರೀಕ್ಷೆಯ ದಾಖಲೆ ನೋಡಿ, ಬೀಜ ಎಲ್ಲಾ ಕಡೆ ಬಿದ್ದರೂ ಹದವಾದ ನೆಲದಲ್ಲೇ ಮೊಳೆಯುತ್ತದೆ ಎಂದ. ಸ್ತನ ಕ್ಯಾನ್ಸರ್‌ಗೆ ಮೂಳೆ ಹದವಾದ ನೆಲ. ಅಲ್ಲಿಗೆ ಹೋದ ಜೀವಕೋಶ ಒಂದು ಸಂದೇಶ ಕಳಿಸುತ್ತದೆ. ಅದನ್ನು ಕೇಳಿ ಮೂಳೆಯ ಜೀವಕೋಶಗಳು ರ‍್ಯಾಂಕ್‌ಎಲ್ ಎಂಬ ಇನ್ನೊಂದು ಸಂದೇಶ ಹೊರಡಿಸುತ್ತವೆ. ಮೂಳೆ ಕರಗಿಸುವವು ಎದ್ದು ಕೂರುತ್ತವೆ. ಮೂಳೆ ಕರಗಿದಾಗ ಅದರಲ್ಲಿ ಕೂಡಿಟ್ಟಿದ್ದ ಬೆಳವಣಿಗೆಯ ಪದಾರ್ಥಗಳು ಹೊರಬಿದ್ದು ಕ್ಯಾನ್ಸರ್‌ಗೇ ಊಟವಾಗುತ್ತವೆ. ಮೂಳೆಗೆ ಹರಡಿದವರಿಗೆ ಕೊಡುವ ಡೆನೊಸುಮ್ಯಾಬ್ ಈ ರ‍್ಯಾಂಕ್‌ಎಲ್ ಸಂದೇಶವನ್ನೇ ತಡೆಯುತ್ತದೆ.

ಹಿಡಿತವನ್ನು ಸರಿಮಾಡುವ ಮದ್ದು ಇವತ್ತಿಗೂ ನಮ್ಮ ಕೈಯಲ್ಲಿಲ್ಲ. ಸಂದೇಶ ತಡೆಯುವ ಮದ್ದುಗಳಿವೆ. ಈಸ್ಟ್ರೊಜೆನ್ ಸಂದೇಶಕ್ಕೆ ಟಮಾಕ್ಸಿಫೆನ್, ಲೆಟ್ರೊಜೋಲ್ ಮಾತ್ರೆ. ಬೆಳೆಯುವ ಸಂದೇಶ ಹಿಡಿಯುವ ಹರ್2 ಎಂಬ ಪ್ರೋಟೀನು ಜಾಸ್ತಿ ಇದ್ದರೆ, 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್. ಯಾರಿಗೆ ಯಾವುದು ಅಂತ ತೀರ್ಮಾನವಾಗುವುದು ನಮ್ಮ ವರದಿಯ ಇಆರ್, ಪಿಆರ್, ಹರ್2 ಎಂಬ ಮೂರು ಸಾಲುಗಳ ಮೇಲೆ. (ಮೊದಲೆರಡು ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳ ಸಂದೇಶ ಹಿಡಿಯುವ ಪ್ರೋಟೀನುಗಳು.)

ನನಗೆ ಸಿಟ್ಟು ಬರುವುದು ಇಲ್ಲೇ. ತೆಗೆದ ತುಂಡು ಒಂದು ಗಂಟೆಯೊಳಗೆ, ಅದನ್ನು ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರವಕ್ಕೆ ಬೀಳಬೇಕು. ಅದರಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಇರಬೇಕು. ಒಂದು ಸಲ ಹೊರಗಿನಿಂದ ಇಡೀ ಸ್ತನವನ್ನು ಒಂದು ಸಣ್ಣ ಡಬ್ಬಿಗೆ ತುರುಕಿ, ಮೇಲೆ ಎರಡು ಬೆರಳು ಫಾರ್ಮಲಿನ್ ಹಾಕಿ, ಮೂರನೇ ದಿನ ಕಳಿಸಿದ್ದರು. ನಡುಭಾಗ ಕೊಳೆತಿತ್ತು. ಇಆರ್ ನೆಗೆಟಿವ್ ಬಂತು, ಪಕ್ಕದ ಒಳ್ಳೆಯ ನಾಳದಲ್ಲೂ ನೆಗೆಟಿವ್. ಅಲ್ಲಿ ಪಾಸಿಟಿವ್ ಬರಲೇಬೇಕಿತ್ತು. ಅಂಥ ವರದಿಗೆ ಸಹಿ ಹಾಕಿದ್ದರೆ ಆಕೆಗೆ ಮಾತ್ರೆಯೇ ಸಿಗುತ್ತಿರಲಿಲ್ಲ. ಪುಣ್ಯಕ್ಕೆ ಮೊದಲ ಬಯಾಪ್ಸಿಯ ಬ್ಲಾಕ್ (ತುಂಡನ್ನು ಮೇಣದಲ್ಲಿ ಹೂತಿಟ್ಟದ್ದು) ಅವರ ಮನೆಯವರ ಹತ್ತಿರವೇ ಇತ್ತು. ಅದರಲ್ಲಿ ಮಾಡಿದಾಗ ಪಾಸಿಟಿವ್. ನಿಮ್ಮವರದ್ದೇನಾದರೂ ಬ್ಲಾಕ್ ಮನೆಯಲ್ಲಿದ್ದರೆ ಬಿಸಾಡಬೇಡಿ, ಬಿಸಿಲಿಗೂ ಇಡಬೇಡಿ. ಅದು ಮೇಣ, ಕರಗುತ್ತದೆ.

ಇರುವೆ ಸಾಲಿನ ಆ ಅಮ್ಮನಿಗೆ ಇಆರ್ ಚೆನ್ನಾಗಿ ಪಾಸಿಟಿವ್ ಬಂತು, ಲಾಬ್ಯುಲರ್‌ನಲ್ಲಿ ಹೆಚ್ಚಾಗಿ ಹಾಗೇ. ವರದಿ ಒಯ್ಯಲು ಬಂದ ಮಗ ಬಾಗಿಲಲ್ಲೇ ನಿಂತು ತಡೆದು ಕೇಳಿದ, "ಮೇಡಂ, ಅಕ್ಕಂಗೂ ಒಂದು ಸಣ್ಣ ಗಂಟಿದೆ. ಸೂಜಿ ಟೆಸ್ಟಿಗೆ ಯಾವತ್ತು ಕರ್ಕೊಂಡು ಬರ್ಲಿ?"