ಗೆರೆ ಮೇಲೆ ಗ್ರೈಂಡರ್ ಇಡಬೇಡಿ

ಹೋದ ತಿಂಗಳು ಹರಿಹರದ ಹುಡುಗನೊಬ್ಬ ದಾವಣಗೆರೆಯ ನಮ್ಮ ವರ್ಕ್‌ಶಾಪಿಗೆ ಫೈಬರ್ (ಗಾಜಿನ ಎಳೆಗೆ ರೆಸಿನ್ ಎಂಬ ಗಟ್ಟಿಯಾಗುವ ಅಂಟು ಕೂಡಿಸಿ ಮಾಡಿದ) ಬಂಪರ್ ಹೊತ್ತು ತಂದ. ಲೈಟ್ ಕೂರಿಸಲು ತಾನೇ ಕತ್ತರಿಸಿದ್ದ. ಅಂಚಿನುದ್ದಕ್ಕೂ ಬಣ್ಣದ ಪದರ ಇಲಿ ಕಡಿದಂತೆ ಎದ್ದಿತ್ತು. "ಅಣ್ಣಾ, ಗೆರೆ ಬಿಟ್ಟು ಒಂಚೂರೂ ಆಚೀಚೆ ಹೋಗಿಲ್ಲ, ಆದ್ರೂ ಹಿಂಗ್ಯಾಕಾತು?" ಅಂದ.

ಕತ್ತರಿಸುವಾಗ ಅಂಚು ಸ್ವಲ್ಪ ಸಿಡಿಯುತ್ತದೆ, ಗೆರೆ ಮೇಲೇ ಕತ್ತರಿಸಿದ್ದಕ್ಕೆ ಆ ಗಾಯ ಹಾಗೇ ಉಳಿಯಿತು. ಹೊರ ಅಂಚಾದರೆ ನಾನು ಗೆರೆಯಿಂದ 2-3 ಮಿಲಿಮೀಟರ್ ಹೊರಗೆ ಕತ್ತರಿಸುತ್ತೇನೆ, ಕಿಂಡಿಯಾದರೆ ಒಳಗೆ. ಉಳಿದದ್ದನ್ನು 80 ನಂಬರ್ ಸ್ಯಾಂಡ್ ಪೇಪರ್ ಮರದ ತುಂಡಿಗೆ ಸುತ್ತಿ ಉಜ್ಜಿ ತೆಗೆಯುತ್ತೇನೆ.

ಮೇಲಿನ ಬಣ್ಣದ ಪದರ, ಅಂದರೆ ಜೆಲ್‌ಕೋಟ್, ಬರೀ ರೆಸಿನ್. ಅದರಲ್ಲಿ ಗಾಜಿನ ಎಳೆ ಇರುವುದಿಲ್ಲ. ಹಿಂದೆ ಆಸರೆ ಇಲ್ಲದ ಕಡೆಗೆ ತಳ್ಳಿದರೆ ಸಿಡಿದುಹೋಗುತ್ತದೆ. ಹಾಗಾಗಿ ಬ್ಲೇಡಿನ ಹಲ್ಲು ಯಾವಾಗಲೂ ಜೆಲ್‌ಕೋಟನ್ನು ಒಳಗಿನ ಮ್ಯಾಟ್, ಅಂದರೆ ಗಾಜಿನ ಎಳೆಯ ಪದರದ ಕಡೆಗೇ ಒತ್ತಬೇಕು. ಮಾಮೂಲಿ ಜಿಗ್‌ಸಾ ಬ್ಲೇಡಿನ ಹಲ್ಲು ಮೇಲಕ್ಕೆ ಕತ್ತರಿಸುತ್ತದೆ, ಅಲ್ವಾ? ಅದಕ್ಕೆ ಬಣ್ಣದ ಮುಖ ಕೆಳಗಿರಲಿ. ಗ್ರೈಂಡರಿಗಾದರೆ ಬಣ್ಣದ ಮುಖ ಮೇಲಿಟ್ಟು, ಮಾಸ್ಕಿಂಗ್ ಟೇಪ್ ಅಂಟಿಸಿ, ಮೊದಲ ಸಲ ಸುಮ್ನೆ 1 ಮಿಲಿಮೀಟರ್ ಗೀರಿ. ಎರಡನೇ ಸಲ ಪೂರ್ತಿ ಇಳಿಸಿ. 4 ಇಂಚಿನ ಗ್ರೈಂಡರಿಗೆ ಟೈಲ್ಸ್ ಕತ್ತರಿಸುವ ಡೈಮಂಡ್ ಬ್ಲೇಡ್ ಸಾಕು. ಮರ ಕತ್ತರಿಸುವ ಹಲ್ಲಿನ ಬ್ಲೇಡ್ ಮಾತ್ರ ಹಾಕಲೇಬೇಡಿ, ಅದು ಸಿಕ್ಕಿಕೊಂಡರೆ ಗ್ರೈಂಡರ್ ಮೈಮೇಲೇ ಎಗರುತ್ತದೆ. ಸುಟ್ಟ ವಾಸನೆ ಬಂದರೆ ಜಾಸ್ತಿ ಒತ್ತುತ್ತಿದ್ದೀರಿ ಅಂತ ಲೆಕ್ಕ.

ಹೊಸದಾಗಿ ಎರಕ ಮಾಡುವವರಿಗೆ ಇಷ್ಟೆಲ್ಲ ಪಾಡೂ ಬೇಡ. ರೆಸಿನ್ ಗಟ್ಟಿ ಚರ್ಮದ ಹದಕ್ಕೆ ಬಂದಾಗ, ಮೌಲ್ಡಿನಲ್ಲೇ ಚಾಕುವಿನಿಂದ ಅಂಚು ಕೊಯ್ಯಬಹುದು. ಧೂಳೇ ಇಲ್ಲ. ಆದರೆ ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಮಂಡಕ್ಕಿ ಮಿರ್ಚಿ ತಿಂದು ಬರುವಷ್ಟರಲ್ಲಿ ಆ ಹದ ಕೈತಪ್ಪಿರುತ್ತದೆ.

ಧೂಳಿಗೆ ಕರ್ಚೀಫ್ ಸಾಲದು. ಮೂಗಿಗೆ ಬಿಗಿಯಾಗಿ ಕೂರುವ ಫಿಲ್ಟರ್ ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಬೇಕೇ ಬೇಕು. ಮೈ ತುರಿಸಿದರೆ ಉಜ್ಜದೆ, ಮೊದಲು ತಣ್ಣೀರು ಹಾಕಿಕೊಳ್ಳಿ. ಹಿಂದೊಮ್ಮೆ ನನ್ನ ಕೆಲಸದ ಅಂಗಿ ಮನೆಯವರ ಬಟ್ಟೆ ಜೊತೆ ಒಗೆಯಲು ಬಿದ್ದು, ಎರಡು ದಿನ ಇಡೀ ಮನೆಯೇ ತುರಿಸಿಕೊಂಡಿತು. ಅವತ್ತಿನಿಂದ ನನ್ನ ಅಂಗಿಗೆ ಬೇರೆ ಬಕೆಟ್.

ಕತ್ತರಿಸಿದ ಅಂಚಿಗೆ ಕೊನೆಗೆ ತೆಳ್ಳಗೆ ರೆಸಿನ್ ಹಚ್ಚಿ, ಇಲ್ಲದಿದ್ದರೆ ಮಳೆನೀರು ಎಳೆಗುಂಟ ಒಳಗೆ ಇಳಿಯುತ್ತದೆ. ಆ ಹುಡುಗನ ಬಂಪರಿನ ಅಂಚು ಕೆರೆದು ಮತ್ತೆ ಜೆಲ್‌ಕೋಟ್ ತುಂಬಿಸಿದೆವು. ಎರಡನೇ ಲೈಟಿನ ಕಿಂಡಿಯನ್ನು ಅವನೇ ಕತ್ತರಿಸುವಂತೆ ಮಾಡಿದೆ, ಗೆರೆಯಿಂದ 3 ಮಿಲಿಮೀಟರ್ ಒಳಗೆ. ಕಿಂಡಿಗೆ ಹೊರಗಲ್ಲ, ಒಳಗೇ ಬಿಡಬೇಕು ನೋಡಿ.