ಒಂದು ಗ್ರಾಂ ಉಪ್ಪು ಎಲ್ಲಿಯವರೆಗೆ ಬಂದೀತು?

ಮೋಲ್ ಅಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ಸೂತ್ರ ಅಂತ ಬಹಳ ಜನ ಅದನ್ನು ಶಾಲೆಯಲ್ಲೇ ಬಿಟ್ಟು ಬರುತ್ತಾರೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಕಣ್ಣಿಗೆ ಕಾಣದ ಕಣಗಳನ್ನು ಬರೀ ತಕ್ಕಡಿಯಿಂದ ಎಣಿಸುವ ದಾರಿ ಅದು!

ಒಂದು ಗ್ರಾಂ ಉಪ್ಪನ್ನೇ ತೆಗೆದುಕೊಳ್ಳಿ. ಉಪ್ಪು ಅಂದರೆ ಸೋಡಿಯಂ ಮತ್ತು ಕ್ಲೋರಿನ್. ಅವುಗಳ ಪರಮಾಣು ತೂಕ ನೋಡಿ: ಸೋಡಿಯಂ 22.99, ಕ್ಲೋರಿನ್ 35.45, ಕೂಡಿದರೆ 58.44. ಅಂದರೆ 58.44 ಗ್ರಾಂ ಉಪ್ಪು ಒಂದು ಮೋಲ್. ಡಜನ್ ಅಂದರೆ 12 ಇದ್ದ ಹಾಗೆ, ಮೋಲ್ ಅಂದರೆ 6.022 × 10²³ ಕಣಗಳು. ಒಂದು ಗ್ರಾಮನ್ನು ಇದರಿಂದ ಭಾಗಿಸಿದರೆ 0.0171 ಮೋಲ್. ಅದನ್ನು ಆ 6.022 × 10²³ರಿಂದ ಗುಣಿಸಿದರೆ ಸುಮಾರು 10²² ಸೋಡಿಯಂ-ಕ್ಲೋರಿನ್ ಜೋಡಿಗಳು. ಒಂದರ ಮುಂದೆ 22 ಸೊನ್ನೆ. ಕಣಗಳಿಂದ ಗ್ರಾಂಗೆ ವಾಪಸ್ ಬರಬೇಕಾದರೆ ಇದೇ ಲೆಕ್ಕ ತಿರುಗುಮುರುಗು, ಅಷ್ಟೇ.

ಮಧ್ಯೆ ಮೋಲ್ ಯಾಕೆ? ತೂಕ ಒಂದೇ ಆದರೆ ಎಣಿಕೆಯೂ ಒಂದೇ ಆಗುವುದಿಲ್ಲ. ಒಂದು ಗ್ರಾಂ ಹೀಲಿಯಂನಲ್ಲಿ ಒಂದು ಗ್ರಾಂ ಚಿನ್ನಕ್ಕಿಂತ ಸುಮಾರು 49 ಪಟ್ಟು ಜಾಸ್ತಿ ಪರಮಾಣುಗಳಿವೆ. ಮೂಟೆ ನಾಣ್ಯಗಳನ್ನು ತೂಗಿ ಎಣಿಸಬೇಕಾದರೆ ಒಂದು ನಾಣ್ಯದ ತೂಕ ಗೊತ್ತಿರಬೇಕು, ಅಲ್ವಾ? ಹಾಗೇ ಇದು.

ಒಂದು ಮೋಲ್‌ನಲ್ಲಿರುವ ಕಣಗಳ ಈ ದೊಡ್ಡ ಸಂಖ್ಯೆ ಇಟಲಿಯ ವಿಜ್ಞಾನಿ ಅವೊಗಾಡ್ರೊ ಹೆಸರಿನಲ್ಲಿದೆ. ಆದರೆ ಅದು ಅವರಿಗೇ ಗೊತ್ತಿರಲಿಲ್ಲ. ಉಷ್ಣತೆ, ಒತ್ತಡ ಒಂದೇ ಇದ್ದರೆ ಸಮ ಗಾತ್ರದ ಅನಿಲಗಳಲ್ಲಿ ಸಮ ಸಂಖ್ಯೆಯ ಅಣುಗಳಿರುತ್ತವೆ ಎಂದು ಅವರು 1811ರಲ್ಲಿ ಹೇಳಿದರು. 1856ರಲ್ಲಿ ತೀರಿಕೊಂಡರು. ಕಣಗಳನ್ನು ಎಣಿಸಲು ದಾರಿ ಮಾಡಿದ ಅಣುವಿನ ಗಾತ್ರವನ್ನು ವಿಜ್ಞಾನಿ ಲೋಷ್ಮಿಟ್ ಅಂದಾಜು ಮಾಡಿದ್ದು 1865ರಲ್ಲಿ. ಆ ಸಂಖ್ಯೆಗೆ ಅವೊಗಾಡ್ರೊ ಹೆಸರಿಡಬೇಕೆಂದು 1909ರಲ್ಲಿ ಸೂಚಿಸಿದವರು ಫ್ರಾನ್ಸಿನ ವಿಜ್ಞಾನಿ ಪೆರಾಂ. 2019ರ ಮೇ 20ರಿಂದ ಅದು ಸರಿಯಾಗಿ 6.02214076 × 10²³ ಎಂದು ನಿಗದಿಯಾಗಿದೆ.

ಈ ಇಸವಿಗಳನ್ನು ಹೇಳಲು ಕಾರಣವಿದೆ. ಹೋಮಿಯೋಪಥಿ ಶುರು ಮಾಡಿದ ಹಾನಿಮನ್ 1843ರಲ್ಲೇ ತೀರಿಕೊಂಡರು. ಒಂದು ಗ್ರಾಂನಲ್ಲಿ ಎಷ್ಟು ಕಣಗಳಿವೆ ಎಂದು ಅವರ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರನ್ನು ದೂರುವುದು ಸರಿಯಲ್ಲ. ಆದರೆ ನಮಗೆ ಗೊತ್ತಿದೆಯಲ್ಲ!

ನೇಟ್ರಮ್ ಮ್ಯೂರ್ ಎಂಬ ಹೋಮಿಯೋಪಥಿ ಔಷಧಿ ಬೇರೇನಲ್ಲ, ಉಪ್ಪೇ. ಅದರ ಮೇಲೆ 30ಸಿ ಎಂದಿದ್ದರೆ ನೂರು ಪಾಲಿಗೆ ಒಂದರಂತೆ 30 ಸಲ ತೆಳು ಮಾಡಿದ್ದಾರೆ ಎಂದರ್ಥ. ಲೆಕ್ಕ ಹಾಕೋಣ. ಮೊದಲ ಸಲ ಒಂದು ಗ್ರಾಂ ಉಪ್ಪನ್ನು 100 ಮಿಲಿ ದ್ರವದಲ್ಲಿ ಕರಗಿಸಿದಾಗ 10²² ಜೋಡಿಗಳಿದ್ದವು. ಅದರಲ್ಲಿ 1 ಮಿಲಿ ತೆಗೆದು ಮತ್ತೆ 100 ಮಿಲಿ ಮಾಡಿದರೆ 10²⁰. ಪ್ರತಿ ಸಲ ಎರಡೆರಡು ಸೊನ್ನೆ ಹೋಗುತ್ತವೆ. 12ನೇ ಸಲಕ್ಕೆ ಇಡೀ ಬಾಟಲಿಯಲ್ಲಿ ಸರಾಸರಿ ಒಂದೇ ಜೋಡಿ. 13ನೇ ಸಲ ಅದು ಸಿಗುವ ಸಾಧ್ಯತೆ ನೂರಕ್ಕೆ ಒಂದು. ಇನ್ನೂ 17 ಸಲ ಬಾಕಿ ಇದೆ! ಹೋಮಿಯೋಪಥಿಯಲ್ಲಿ ಪ್ರತಿ ಸಲ ತೆಳು ಮಾಡಿದ ಮೇಲೆ ಕುಲುಕುತ್ತಾರೆ, ಆದರೆ ಎಷ್ಟು ಕುಲುಕಿದರೂ ಹೋದ ಕಣ ವಾಪಸ್ ಬರುವುದಿಲ್ಲ. ಆ ದ್ರವದಲ್ಲಿ ಕಲ್ಮಶವಾಗಿ ಇರುವ ಉಪ್ಪೇ ಇದಕ್ಕಿಂತ ಎಷ್ಟೋ ಜಾಸ್ತಿ. ಗಂಭೀರ ಕಾಯಿಲೆಯಲ್ಲಿ ಇದನ್ನೇ ನಂಬಿ ಚಿಕಿತ್ಸೆಗೆ ತಡ ಮಾಡುವವರನ್ನು ನೆನೆದರೆ ನನಗೆ ಭಯವಾಗುತ್ತದೆ.

30ನೇ ಸಲ 100 ಮಿಲಿಯಲ್ಲಿ ಉಳಿಯುವುದು ಸರಾಸರಿ 10⁻³⁶ ಜೋಡಿ. ಮೊದಲಿನ ಉಪ್ಪಿನ ಒಂದೇ ಒಂದು ಜೋಡಿ ಸಿಗಬೇಕಾದರೆ ಸುಮಾರು 10³⁵ ಕಿಲೋ ದ್ರವ ಬೇಕು. ಸೂರ್ಯನ ತೂಕ 2 × 10³⁰ ಕಿಲೋ. ಅಂಥ 50,000 ಸೂರ್ಯರಷ್ಟು ಔಷಧಿ ಕುಡಿಯಬೇಕಾಗುತ್ತದೆ.