ಜಗಲಿಯ ರೂಟರಿನಿಂದ ನಡುಮನೆಯ ಸ್ಪೀಕರಿನವರೆಗೆ

ಏಪ್ರಿಲಿನಲ್ಲಿ ತಕರಾರಿಲ್ಲದೆ ಹಾಡುತ್ತಿದ್ದ ಮ್ಯೂಸಿಕ್ ಸ್ಟ್ರೀಮರ್, ಅಂದರೆ ಹಾಡನ್ನು ನೆಟ್‌ವರ್ಕಿನಿಂದ ತರಿಸಿ ಆಂಪ್ಲಿಫಯರಿಗೆ ಕೊಡುವ ಪೆಟ್ಟಿಗೆ, ಆಷಾಢದ ಹೊತ್ತಿಗೆ ತಡವರಿಸತೊಡಗುತ್ತದೆ. ವಿಲಂಬಿತದ ನಡುವೆ ದನಿ ಕಡಿದು, ನಾಲ್ಕಾರು ಸೆಕೆಂಡು ಮೌನವಾಗಿ, ಮತ್ತೆ ಶುರುವಾಗುತ್ತದೆ. ಅಂಕೋಲಾ, ಕುಮಟಾ, ಹೊನ್ನಾವರದ ಹಳೆಯ ಮನೆಗಳಲ್ಲಿ ಹೀಗಾದರೆ ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡುವ ಮೊದಲು ಗೋಡೆಯನ್ನೊಮ್ಮೆ ಮುಟ್ಟಿ ನೋಡಬೇಕು. ಚಿರೇಕಲ್ಲಿನ ಮೈತುಂಬ ತೂತು. ಗಿಲಾವು ಕಾಣದ ಗೋಡೆ ಮಳೆಗಾಲದ ನಾಲ್ಕು ತಿಂಗಳು ನೀರು ಕುಡಿದೇ ನಿಂತಿರುತ್ತದೆ, ಬುನಾದಿಯಿಂದ ಏರಿದ ತೇವ ಒಳಗೋಡೆಗೂ ತಲುಪುತ್ತದೆ. ರೂಟರಿನ ಒಂದು ವೈಫೈ ಅಲೆ 2.4 ಗಿಗಾಹರ್ಟ್ಸ್‌ನದು. ಮೈಕ್ರೋವೇವ್ ಒಲೆ ಅನ್ನ ಬಿಸಿ ಮಾಡುವುದೂ ಹೆಚ್ಚುಕಡಿಮೆ ಅದೇ ಆವರ್ತನದಲ್ಲಿ. ನೀರು ಆ ಅಲೆಯ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಣಗೋಡೆ ದಾಟಿ ಬರುತ್ತಿದ್ದ ಸಿಗ್ನಲ್ ಮಳೆಗಾಲದಲ್ಲಿ ಗೋಡೆಯೊಳಗೇ ಸೊರಗುತ್ತದೆ. 5 ಗಿಗಾಹರ್ಟ್ಸ್‌ನ ಅಲೆಗಂತೂ ದಪ್ಪ ಗೋಡೆ ದಾಟುವುದು ಇನ್ನೂ ಕಷ್ಟ.

ಅಳೆಯುವುದು ಸುಲಭ. ಫೋನಿನಲ್ಲಿ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು, ಸ್ಟ್ರೀಮರ್ ಇಡುವ ಜಾಗದಲ್ಲೇ ನಿಂತು ನೋಡಿ. ಸಿಗ್ನಲಿನ ಬಲವನ್ನು ಅದು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುತ್ತದೆ. ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಸೊನ್ನೆಗೆ ಹತ್ತಿರವಿದ್ದರೆ ಚಿಂತೆಯಿಲ್ಲ. ಮೈನಸ್ 75 ದಾಟಿ ಕೆಳಗಿಳಿದರೆ ಹಾಡು ಕಡಿಯುವುದು ಬಹುತೇಕ ಖಚಿತ. ಈ ಲೆಕ್ಕದಲ್ಲಿ 10 ಇಳಿಯಿತೆಂದರೆ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿದಂತೆ. ಬೇಸಿಗೆಯಲ್ಲಿ ಮೈನಸ್ 66 ತೋರಿಸುವ ಮೂಲೆಯನ್ನು ನೆಚ್ಚಿಕೊಳ್ಳಬೇಡಿ, ಶ್ರಾವಣದಲ್ಲಿ ಮತ್ತೊಮ್ಮೆ ಅಳೆದು ನೋಡಿ.

ಅಸಲಿಗೆ ಸ್ಟ್ರೀಮರ್ ಮಾಡುವ ಕೆಲಸ ಎರಡೇ. ಹಾಡನ್ನು ಸಂಖ್ಯೆಗಳ ರೂಪದಲ್ಲಿ ತರಿಸಿಕೊಳ್ಳುತ್ತದೆ. ಆಮೇಲೆ ಡ್ಯಾಕ್ ಎಂಬ ಚಿಪ್ಪಿನಲ್ಲಿ ಆ ಸಂಖ್ಯೆಗಳನ್ನು ಏರಿಳಿಯುವ ವಿದ್ಯುತ್ತಾಗಿ ಮಾಡಿ ಆಂಪ್ಲಿಫಯರಿಗೆ ಕೊಡುತ್ತದೆ. ಡ್ಯಾಕ್‌ನ ಆಚೆ ಒಂದು ಕಾನೂನು, ಈಚೆ ಇನ್ನೊಂದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಸಂಖ್ಯೆಗಳ ಕಡೆ ಮೊದಲು ನೋಡೋಣ. 1982ರಲ್ಲಿ ಸಿ.ಡಿ. ಬಂದಾಗ ಗೊತ್ತುಮಾಡಿದ ಲೆಕ್ಕವೇ ಇಂದಿಗೂ ಅಳತೆಗೋಲು: ಸೆಕೆಂಡಿಗೆ ಧ್ವನಿಯ 44,100 ಮಾದರಿ, ಒಂದೊಂದಕ್ಕೂ 16 ಬಿಟ್, ಎಡ ಬಲ ಸೇರಿ ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಒಂದು ಬಿಟ್ಟೂ ಕಳೆಯದಂತೆ ಮಡಚಿಡುವ ಫ್ಲಾಕ್ ಫೈಲಿನಲ್ಲಿ ಇದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 24 ಬಿಟ್, 96 ಕಿಲೋಹರ್ಟ್ಸ್‌ನ ಫೈಲ್ ಮಡಚದೆಯೇ ಕಳಿಸಿದರೂ ಸೆಕೆಂಡಿಗೆ 46 ಲಕ್ಷ ಬಿಟ್ ಚಿಲ್ಲರೆ, ಅಂದರೆ 5 ಎಂಬಿಪಿಎಸ್ (ಸೆಕೆಂಡಿಗೆ 50 ಲಕ್ಷ ಬಿಟ್) ಒಳಗೆ. ಸಿರ್ಸಿಯ ಹಳ್ಳಿಮನೆಗೆ 30 ಎಂಬಿಪಿಎಸ್‌ನ ಫೈಬರ್ ಇದ್ದರೆ ಬೇಕಾದಷ್ಟಾಯಿತು. ಸಂಗೀತಕ್ಕೆ ಬೇಕಿರುವುದು ತಡೆಯಿಲ್ಲದ ಹರಿವು, ವೇಗ ಆಮೇಲಿನ ಮಾತು.

ಈ ಸಂಖ್ಯೆಗಳು ನೆಟ್‌ವರ್ಕಿನಲ್ಲಿ ಪುಟ್ಟ ಪೊಟ್ಟಣಗಳಾಗಿ ಬರುತ್ತವೆ. ಬಂದ ಪ್ರತಿ ಪೊಟ್ಟಣವನ್ನೂ ಸ್ಟ್ರೀಮರ್ ತಾಳೆ ನೋಡುತ್ತದೆ. ತಪ್ಪಿದ್ದರೆ ಬಿಸಾಡಿ ಮತ್ತೊಮ್ಮೆ ತರಿಸುತ್ತದೆ. ಬಂದದ್ದನ್ನು ಕೆಲವು ಸೆಕೆಂಡಿನಷ್ಟು ಬಫರಿನಲ್ಲಿ ಕೂಡಿಟ್ಟು, ಡ್ಯಾಕ್ ಪಕ್ಕದ ಗಡಿಯಾರದ ತಾಳಕ್ಕೆ ತಕ್ಕಂತೆ ಒಂದೊಂದಾಗಿ ಬಿಡುತ್ತದೆ. ದಾರಿಯಲ್ಲಿ ಪೊಟ್ಟಣ ತಡವಾಯಿತೋ ಬೇಗ ಬಂತೋ ಅದಕ್ಕೆ ಲೆಕ್ಕವಿಲ್ಲ. ಹಾಗಾಗಿ ಇಲ್ಲಿ ಹಾಡು ಪೂರ್ತಿ ಬರುತ್ತದೆ, ಇಲ್ಲವೇ ಕಡಿಯುತ್ತದೆ. ಪೊಟ್ಟಣದ ದಾರಿ ಕೆಟ್ಟಿದ್ದಕ್ಕೆ ಮಂದ್ರ ತೆಳುವಾಗುವುದು, ತಂಬೂರಿಯ ನಾದ ಮಂಕಾಗುವುದು ಎಂಬುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ರೂಟರಿನಿಂದ ಸ್ಟ್ರೀಮರಿಗೆ ಎಳೆಯುವ ತಂತಿಗೆ 'ಆಡಿಯೋ ದರ್ಜೆಯ' ಲ್ಯಾನ್ ಕೇಬಲ್ ಕೊಳ್ಳುವವರನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ. ಆ ಹಣದಲ್ಲಿ ಸ್ಪೀಕರಿಗೆ ಒಳ್ಳೆಯ ಸ್ಟ್ಯಾಂಡ್ ಬರುತ್ತದೆ, ಕಾವಿ ನೆಲಕ್ಕೊಂದು ದಪ್ಪ ಜಮಖಾನೆ ಬರುತ್ತದೆ. ಇವೆರಡೂ ಕಿವಿಗೆ ಕೇಳಿಸುವ ಬದಲಾವಣೆ ತರುತ್ತವೆ.

ಬ್ಲೂಟೂತ್ ಬೇರೆ ಸಂಗತಿ. ಅದು ಹಾಡನ್ನು ಫೋನಿನಲ್ಲೇ ಇನ್ನೊಮ್ಮೆ ಹಿಂಡಿ ಕಳಿಸುತ್ತದೆ, ಹಿಂಡುವಾಗ ಕಳೆದದ್ದು ಮರಳಿ ಬರುವುದಿಲ್ಲ. ಸ್ಟ್ರೀಮರ್ ಇರುವ ಮನೆಯಲ್ಲಿ ಫೋನು ಬರೀ ರಿಮೋಟ್ ಆಗಿರಬೇಕು, ಹಾಡನ್ನು ತರಿಸುವ ಕೆಲಸ ಸ್ಟ್ರೀಮರಿನದು.

ಒದ್ದೆ ಗೋಡೆಗೆ ಶಾಶ್ವತ ಮದ್ದೆಂದರೆ ತಂತಿ. ಕ್ಯಾಟ್ 5ಇ ಅಥವಾ ಕ್ಯಾಟ್ 6 ದರ್ಜೆಯ ಸಾಧಾರಣ ಲ್ಯಾನ್ ಕೇಬಲ್ ಸಾಕು, 100 ಮೀಟರ್‌ವರೆಗೆ ನಿಶ್ಚಿಂತೆ. ಆದರೆ ಕೊಳ್ಳುವಾಗ ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆಂಪು ಹೊಳಪಿನಡಿ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಬೆಲೆ ಕಡಿಮೆ, ಆದರೆ ಕಡಲ ಗಾಳಿಯ ಉಪ್ಪುತೇವದಲ್ಲಿ ಎರಡು ಲೋಹ ಒಂದನ್ನೊಂದು ಮುಟ್ಟಿದ ಕಡೆ ಅಲ್ಯೂಮಿನಿಯಂ ಬೇಗ ಸವೆದು ಬಿಳಿಪುಡಿಯಾಗುತ್ತದೆ. ಕಾರವಾರದಂಥ ಊರಿಗೆ ಪೂರ್ತಿ ತಾಮ್ರದ ತಂತಿಯನ್ನೇ ಕೇಳಿ ತನ್ನಿ.

ತಂತಿಯ ತುದಿಗೆ ಪ್ಲಗ್ ಕೂರಿಸುವುದು ಕೈಕೆಲಸ, ಅವಸರ ಸಲ್ಲದು. ಹೊರಕವಚವನ್ನು ಎರಡೂವರೆ ಸೆಂಟಿಮೀಟರ್ ಸುಲಿದು, ಹೆಣೆದಿರುವ ನಾಲ್ಕು ಜೋಡಿ ಎಳೆಗಳನ್ನು ಬಿಡಿಸಿ ನೇರ ಮಾಡಿ. ಪ್ಲಗ್ಗಿನ ಹಿಡಿಕೆ ಕೆಳಮುಖವಾಗಿ, ತೆರೆದ ಬಾಯಿ ನಿಮ್ಮ ಕಡೆಗಿರಲಿ. ಆಗ ಎಡದಿಂದ ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಹಸಿರು ಜೋಡಿ ನೀಲಿಯ ಎರಡು ಮಗ್ಗುಲಿಗೆ ಸೀಳಿ ಕೂರುವುದು ವಿಚಿತ್ರವಾಗಿ ಕಾಣುತ್ತದೆ. ಹಳೆಯ ಟೆಲಿಫೋನಿನ ಜೋಡಿ ಪ್ಲಗ್ಗಿನ ನಟ್ಟನಡುವೆ ಬರುತ್ತಿತ್ತು, ಅದಕ್ಕೆ ಹೊಂದಿಸಿದ ಏರ್ಪಾಡು ಇದು. ನೋಡಲು ಚಂದವೆಂದು ಬಣ್ಣಗಳನ್ನು ಜೋಡಿಜೋಡಿಯಾಗಿಯೇ ಕೂರಿಸಿದರೆ ಒಂದು ಸಿಗ್ನಲಿನ ಎರಡು ತಂತಿ ಎರಡು ಬೇರೆ ಹೆಣಿಗೆಗಳಿಗೆ ಹಂಚಿಹೋಗುತ್ತವೆ. ಟೆಸ್ಟರಿನ ಎಂಟು ದೀಪಗಳೂ ಸರಿಯಾಗಿ ಹೊತ್ತುತ್ತವೆ, ಹಾಡು ಮಾತ್ರ ಕಡಿಯುತ್ತದೆ. ಎಳೆಗಳ ತುದಿ ಸಮವಾಗಿ ಕತ್ತರಿಸಿ, ಪ್ಲಗ್ಗಿನ ಮೂತಿಯಲ್ಲಿ ಎಂಟೂ ತಾಮ್ರದ ಚುಕ್ಕೆ ಕಾಣುವವರೆಗೆ ತಳ್ಳಿ, ಹೊರಕವಚವೂ ಪ್ಲಗ್ಗಿನೊಳಗೆ ಸಿಕ್ಕುವಂತೆ ಇಕ್ಕಳ ಒತ್ತಿ. ತಂತಿ ಸೂರಿನಡಿಯಿಂದ ಒಳಗೆ ಬರುವುದಾದರೆ ಗೋಡೆಯ ತೂತಿಗಿಂತ ಒಂದು ಗೇಣು ಕೆಳಗೆ ಇಳಿಬಿಟ್ಟು ಮೇಲೆತ್ತಿ ಒಳಗೆ ತನ್ನಿ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ತಂತಿಯೂ ಸರಿ, ಇಂಟರ್‌ನೆಟ್ಟೂ ಸರಿ, ಆದರೂ ಫೋನಿನ ಆ್ಯಪ್ 'ಯಾವ ಸಾಧನವೂ ಸಿಗಲಿಲ್ಲ' ಎನ್ನುತ್ತದೆಯೇ? ಫೋನು ಸ್ಟ್ರೀಮರನ್ನು ಹುಡುಕುವುದು ಕೂಗು ಹಾಕಿ: 'ಇಲ್ಲಿ ಹಾಡುವವರು ಯಾರಿದ್ದೀರಿ?' ಈ ಕೂಗು 239.255.255.250 ಅಥವಾ 224.0.0.251 ಎಂಬ ಸಾರ್ವಜನಿಕ ವಿಳಾಸಕ್ಕೆ ಹೋಗುತ್ತದೆ ಮತ್ತು ಒಂದೇ ನೆಟ್‌ವರ್ಕಿನ ಬೇಲಿಯೊಳಗಷ್ಟೇ ಕೇಳಿಸುತ್ತದೆ. ಫೈಬರಿನವರು ಕೊಟ್ಟ ಪೆಟ್ಟಿಗೆಯೊಂದು, ಅದಕ್ಕೆ ಜೋಡಿಸಿದ ಸ್ವಂತ ರೂಟರೊಂದು ಇರುವ ಮನೆಯಲ್ಲಿ ಎರಡು ಬೇಲಿ ಎದ್ದಿರುತ್ತವೆ. ಫೋನಿನ ವಿಳಾಸ 192.168.0 ಎಂದೂ ಸ್ಟ್ರೀಮರಿನದು 192.168.1 ಎಂದೂ ಶುರುವಾಗಿದ್ದರೆ ಅನುಮಾನವೇ ಬೇಡ. ಸ್ವಂತ ರೂಟರನ್ನು ಬರೀ ವೈಫೈ ಹಂಚುವ ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಬದಲಿಸಿದರೆ ಬೇಲಿ ಬೀಳುತ್ತದೆ. ಗೆಸ್ಟ್ ವೈಫೈಯಲ್ಲಿ ಕೂತ ಫೋನಿಗೂ ಇದೇ ಗತಿ. ಹಾಗೆಯೇ ವಿಳಾಸ ಹಂಚುವ ರೂಟರಿನ ಡಿಎಚ್‌ಸಿಪಿ ಪುಟದಲ್ಲಿ ಸ್ಟ್ರೀಮರಿಗೆ ಒಂದು ವಿಳಾಸ ಕಾಯ್ದಿರಿಸಿ, ಕರೆಂಟು ಹೋಗಿ ಬಂದಾಗಲೆಲ್ಲ ಹುಡುಕಾಡುವುದು ತಪ್ಪುತ್ತದೆ.

ಕರೆಂಟಿನ ಮಾತು ಬಂತು. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಡ್ಯಾಕ್ ಹಲಗೆ ಕೂರಿಸಿ ಸ್ಟ್ರೀಮರ್ ಮಾಡಿಕೊಳ್ಳುವವರು ಇದನ್ನು ಗಮನಿಸಬೇಕು. ಅದಕ್ಕೆ 5.1 ವೋಲ್ಟ್, 3 ಆಂಪಿಯರ್‌ನ ಅಡಾಪ್ಟರೇ ಬೇಕು, ಫೋನಿನ ಹಳೆಯ ಚಾರ್ಜರ್ ನಡೆಯದು. ಮೆಮೊರಿ ಕಾರ್ಡಿನಲ್ಲಿ ಬರೆಯುತ್ತಿರುವ ಗಳಿಗೆಯಲ್ಲೇ ಕರೆಂಟು ಹೋದರೆ ಕಾರ್ಡಿನ ಲೆಕ್ಕ ಕೆಟ್ಟು ಮತ್ತೆ ಏಳದೇ ಇರಬಹುದು. ಪೈಕೋರ್‌ಪ್ಲೇಯರ್ ಎಂಬ ಉಚಿತ ತಂತ್ರಾಂಶ ಒಮ್ಮೆ ಎದ್ದ ಮೇಲೆ ಪೂರ್ತಿ ರ್‍ಯಾಮ್‌ನಲ್ಲೇ ನಡೆಯುತ್ತದೆ, ಕಾರ್ಡಿನ ಗೊಡವೆಗೆ ಹೋಗುವುದಿಲ್ಲ. ಗಾಳಿಮಳೆಗೆ ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ಘಟ್ಟದ ಮೇಲಿನ ಹಳ್ಳಿಗಳಿಗೆ ಇದೇ ಹೊಂದುತ್ತದೆ. ಸಿದ್ಧ ಪೆಟ್ಟಿಗೆ ಕೊಂಡವರಿಗೆ ಈ ತಲೆನೋವು ಕಡಿಮೆ.

ಸ್ವಂತ ಸಂಗ್ರಹ ಇಟ್ಟುಕೊಂಡವರು ಫೈಲಿನ ಹೆಸರು, ಫೈಲಿನೊಳಗೆ ಗಾಯಕರ ಹೆಸರು ಮುಂತಾದವನ್ನು ಬರೆದಿಡುವ ಟ್ಯಾಗುಗಳ ಮೇಲೆ ಒಂದು ವಾರ ಕೂತರೂ ನಷ್ಟವಿಲ್ಲ. ಒಂದು ಕಡೆ ಕನ್ನಡದಲ್ಲಿ 'ಭೀಮಸೇನ ಜೋಶಿ', ಇನ್ನೊಂದು ಕಡೆ 'ಪಂಡಿತ್' ಸೇರಿಸಿ, ಮತ್ತೊಂದು ಕಡೆ ರೋಮನ್ ಲಿಪಿಯಲ್ಲಿ ಬರೆದಿದ್ದರೆ ಸ್ಟ್ರೀಮರಿನ ಪಾಲಿಗೆ ಅವರು ಮೂವರು ಗಾಯಕರು. ಎಂಪಿ3ಯ ಹಳೆಯ ಬಗೆಯ ಟ್ಯಾಗಿನಲ್ಲಿ ಹೆಸರಿಗೆ ಇರುವ ಜಾಗ 30 ಬೈಟ್ ಮಾತ್ರ. ಅಕ್ಷರಗಳನ್ನು ಸಂಖ್ಯೆಯಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಸ್ವರಚಿಹ್ನೆಗೂ 3 ಬೈಟ್ ಬೇಕು. 'ಭೀಮಸೇನ ಜೋಶಿ' ಎಣಿಸಿದರೆ 31 ಬೈಟ್: ಒಂದೇ ಒಂದು ಬೈಟಿಗಾಗಿ ಕೊನೆಯ ಗುಡಿಸು ಉಳಿಯುವುದಿಲ್ಲ. ಫ್ಲಾಕ್‌ನ ಟ್ಯಾಗಿಗೆ ಇಂಥ ಮಿತಿಯಿಲ್ಲ. ಹೆಸರಿನ ಜಾಗದಲ್ಲಿ ಚೌಕಗಳು ಕಂಡರೆ ಟ್ಯಾಗ್ ಸರಿಯಿದೆ, ಸ್ಟ್ರೀಮರಿನ ಪರದೆಯಲ್ಲಿ ಕನ್ನಡ ಫಾಂಟ್ ಇಲ್ಲ ಎಂದರ್ಥ. ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಟ್ಯಾಗೇ ಕೆಟ್ಟಿದೆ, ಮತ್ತೆ ಬರೆಯಬೇಕು.

ತಾಳಮದ್ದಳೆಯ ರೆಕಾರ್ಡಿಂಗ್ ಕೇಳುವವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಎಂಪಿ3 ಧ್ವನಿಯನ್ನು 1,152 ಮಾದರಿಗಳ ಕಂತುಗಳಾಗಿ ಕತ್ತರಿಸುತ್ತದೆ, ಒಂದು ಕಂತು ಸುಮಾರು 26 ಮಿಲಿಸೆಕೆಂಡು. ಕೊನೆಯ ಕಂತು ತುಂಬದಿದ್ದರೆ ಉಳಿದ ಜಾಗಕ್ಕೆ ಮೌನ ತುರುಕುತ್ತದೆ. ಭಾಗವತರ ಪದ ಒಂದು ಫೈಲಿನಿಂದ ಇನ್ನೊಂದಕ್ಕೆ ಹರಿಯುವ ಕಡೆ ಮದ್ದಳೆಯ ನಡೆ ಎಡವಿದಂತೆ ಕೇಳಿಸುವುದು ಇದರಿಂದಲೇ. ಫ್ಲಾಕ್‌ನಲ್ಲಿಟ್ಟು, ಸ್ಟ್ರೀಮರಿನ ಸೆಟ್ಟಿಂಗಿನಲ್ಲಿ ಗ್ಯಾಪ್‌ಲೆಸ್ (ಫೈಲುಗಳ ನಡುವೆ ಬಿಡುವಿಲ್ಲದೆ ನುಡಿಸುವುದು) ಆನ್ ಮಾಡಿದರೆ ಸರಿಹೋಗುತ್ತದೆ.

ಡ್ಯಾಕ್ ದಾಟಿದ ಮೇಲೆ ಸಂಖ್ಯೆಗಳ ಕಾನೂನು ಮುಗಿಯಿತು. ಇನ್ನು ತಾಳೆ ನೋಡಿ ಮತ್ತೆ ತರಿಸುವವರು ಯಾರೂ ಇಲ್ಲ, ತಂತಿಯಲ್ಲಿ ಸೇರಿಕೊಂಡದ್ದೆಲ್ಲ ಸ್ಪೀಕರಿಗೆ ಹೋಗುತ್ತದೆ. ಸ್ಟ್ರೀಮರಿನಿಂದ ಎಡ ಬಲದ ಧ್ವನಿ ಒಯ್ಯುವ ಆರ್‌ಸಿಎ ತಂತಿಯನ್ನು ಆಂಪ್ಲಿಫಯರಿನ ಆಕ್ಸ್, ಸಿ.ಡಿ. ಅಥವಾ ಲೈನ್ ಎಂದು ಬರೆದ ಕಡೆ ಚುಚ್ಚಿ. ಫೋನೊ ಎಂದು ಬರೆದ ಕಡೆ ಬೇಡವೇ ಬೇಡ. ಅದು ಗ್ರಾಮಫೋನ್ ತಟ್ಟೆಯ ಸೂಜಿಯಿಂದ ಬರುವ ಕೆಲವೇ ಮಿಲಿವೋಲ್ಟ್‌ಗಳನ್ನು ನೂರು ಪಟ್ಟು ಹಿಗ್ಗಿಸುವ ಬಾಗಿಲು. ಸ್ಟ್ರೀಮರಿನ 2 ವೋಲ್ಟ್ ಅಲ್ಲಿ ನುಗ್ಗಿದರೆ ಕರ್ಕಶ ಶಬ್ದ ಬಿಟ್ಟು ಬೇರೇನೂ ಬಾರದು.

ಹಳೆಯ ಆಂಪ್ಲಿಫಯರುಗಳು 150–200 ಮಿಲಿವೋಲ್ಟಿಗೇ ಪೂರ್ತಿ ಶಕ್ತಿ ಕೊಡುವಂತೆ ಮಾಡಿದವು. 2 ವೋಲ್ಟ್ ಬಂದರೆ ವಾಲ್ಯೂಮ್ ಗುಂಡಿ ಸ್ವಲ್ಪ ತಿರುಗಿಸುವಷ್ಟರಲ್ಲಿ ಹಂಚು ಹಾರುವಂತಾಗುತ್ತದೆ. ಗುಂಡಿಯ ಆ ಮೊದಲ ತಿರುವಿನಲ್ಲಿ ಎಡ ಬಲ ಸಮವಾಗಿ ಏರುವುದಿಲ್ಲ, ಗಾಯಕರು ಒಂದು ಪಕ್ಕಕ್ಕೆ ವಾಲುತ್ತಾರೆ. ಸ್ಟ್ರೀಮರಿನ ವಾಲ್ಯೂಮನ್ನೇ ಮೈನಸ್ 12 ಡೆಸಿಬೆಲ್‌ಗೆ ಕಟ್ಟಿಹಾಕಿ. 6 ಡೆಸಿಬೆಲ್ ತಗ್ಗಿಸಿದರೆ 1 ಬಿಟ್ ಖರ್ಚು, 12ಕ್ಕೆ 2 ಬಿಟ್. 16 ಬಿಟ್ಟಿನ ಹಾಡನ್ನು 24 ಬಿಟ್ಟಿನ ಡ್ಯಾಕ್ ನುಡಿಸುವಾಗ 8 ಬಿಟ್ ಖಾಲಿ ಬಿದ್ದಿರುತ್ತವೆ, ಹಾಡಿಗೆ ಯಾವ ನಷ್ಟವೂ ಆಗುವುದಿಲ್ಲ.

ಆಮೇಲೆ 'ಗುಂ' ಎನ್ನುವ ಸದ್ದು. ನಮ್ಮ ಕರೆಂಟಿನ 50 ಹರ್ಟ್ಸ್‌ನ ದನಿ ಅದು. ಆಂಪ್ಲಿಫಯರಿನಿಂದ ಆರ್‌ಸಿಎ ತಂತಿಗಳನ್ನೆಲ್ಲ ಕಿತ್ತು ಒಂದೊಂದಾಗಿ ಹಾಕುತ್ತ ಬನ್ನಿ, ಯಾವುದನ್ನು ಹಾಕಿದಾಗ ಸದ್ದು ಎದ್ದಿತೋ ಅಲ್ಲಿದೆ ಕಾರಣ. ಹೆಚ್ಚಾಗಿ ಎರಡು ಸಾಧನಗಳು ಎರಡು ಬೇರೆ ದಾರಿಯಲ್ಲಿ ಅರ್ತಿಂಗ್‌ಗೆ ಸೇರಿ, ನಡುವಿನ ಆರ್‌ಸಿಎ ಕವಚದಲ್ಲಿ ಕರೆಂಟು ಸುತ್ತುಹಾಕುತ್ತಿರುತ್ತದೆ. ಡಿಶ್ ಟಿವಿಯ ಕೇಬಲ್, ಲೋಹದ ಕವಚವಿರುವ ಲ್ಯಾನ್ ಕೇಬಲ್, ಮೂರು ಪಿನ್ನಿನ ಲ್ಯಾಪ್‌ಟಾಪ್ ಚಾರ್ಜರ್ ಇವು ಮೂರು ಸಾಮಾನ್ಯ ಅಪರಾಧಿಗಳು. ಲ್ಯಾನ್ ಕೇಬಲ್ ಕವಚವಿಲ್ಲದ್ದೇ ಇರಲಿ. ಪೋರ್ಟಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಎರಡೂ ಕಡೆಯನ್ನು ಬೇರ್ಪಡಿಸಿಯೇ ಇಟ್ಟಿರುತ್ತದೆ. ಸದ್ದು ಹೋಗಲೆಂದು ಪ್ಲಗ್ಗಿನ ಅರ್ತ್ ಪಿನ್ ಮುರಿಯುವವರಿದ್ದಾರೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವ ಮನೆಯಲ್ಲಿ ಅದು ಜೀವಕ್ಕೇ ಅಪಾಯ. ಬದಲಿಗೆ ಅರ್ತಿಂಗ್ ಗುಂಡಿ ನೋಡಿ. ಬೇಸಿಗೆಯಲ್ಲಿ ಇಲ್ಲಿನ ಕೆಂಪು ಮಣ್ಣು ಒಣಗಿ ಕರೆಂಟನ್ನು ಸರಿಯಾಗಿ ಇಳಿಸಿಕೊಳ್ಳುವುದಿಲ್ಲ, ವಾರಕ್ಕೆರಡು ಕೊಡ ನೀರು ಬೇಕು.

ಮುಂಗಾರಿಗೆ ಮೊದಲು ಮತ್ತು ನವರಾತ್ರಿಯ ಆಚೀಚೆ ಸಿಡಿಲಿನ ಕಾಟ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ ಎಂಬುದು ನಿಜ, ಆದರೆ ಅದನ್ನು ಕಂಬದಿಂದ ಮನೆಗೆ ಎಳೆದು ಹಿಡಿದಿರುವ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ. ಆ ತಂತಿಯನ್ನು ಹೊರಗೋಡೆಯ ಕೊಕ್ಕೆಯಲ್ಲೇ ಕತ್ತರಿಸಿ ನಿಲ್ಲಿಸಿರಬೇಕು, ರೂಟರಿನವರೆಗೆ ತರಬಾರದು. ಮನೆಯಿಂದ ಕೊಟ್ಟಿಗೆಗೋ ಅಣ್ಣನ ಮನೆಗೋ ಅಂಗಳ ದಾಟಿ ಎಳೆದ ತಾಮ್ರದ ಲ್ಯಾನ್ ತಂತಿ ಸಿಡಿಲನ್ನು ಕರೆದು ತರುವ ದಾರಿ. ಮೋಡ ಕವಿದೊಡನೆ, ಗುಡುಗು ಶುರುವಾಗುವ ಮೊದಲೇ, ಪವರ್ ಪ್ಲಗ್ಗಿನ ಜೊತೆ ಅದನ್ನೂ ಕೀಳಿ.

ಕೊನೆಗೆ ಉಪ್ಪು. ಆರ್‌ಸಿಎ ಪ್ಲಗ್ಗನ್ನು ಎಳೆದು ಬೆಳಕಿಗೆ ಹಿಡಿದರೆ ನಿಕ್ಕಲ್ ಹೊಳಪಿನ ಮೇಲೆ ಬೂದು ಮಬ್ಬು, ತಂತಿ ಬೆಸೆದ ಕಡೆ ಹಸಿರು ಹುಡಿ ಕಾಣುತ್ತದೆ. ಒಂದು ಚಾನೆಲ್ ಆಗಾಗ ಮಾಯವಾಗಿ, ಪ್ಲಗ್ ಅಲ್ಲಾಡಿಸಿದರೆ ಮರಳುವುದು ಈ ಪದರದಿಂದ. ಚಿನ್ನದ ಲೇಪಕ್ಕೆ ಇಲ್ಲಿ ಅರ್ಥವಿದೆ. ದನಿ ಅದರಿಂದ ಸಿಹಿಯಾಗುವುದಿಲ್ಲ, ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ ಅಷ್ಟೆ. ಚೌತಿಗೆ ಮೊದಲೊಮ್ಮೆ, ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೊಮ್ಮೆ ಎಲ್ಲ ಸಾಧನಗಳನ್ನೂ ಆಫ್ ಮಾಡಿ, ಹತ್ತಿಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಪ್ಲಗ್ಗುಗಳನ್ನು ಒರೆಸಿ. ಒಣಗಿದ ಮೇಲೆ ಒಂದೊಂದನ್ನೂ ನಾಲ್ಕೈದು ಸಲ ತಿರುಚುತ್ತ ಒಳಗೆ ಹೊರಗೆ ಮಾಡಿ ಕೂರಿಸಿ.